ಪಾದಚಿಕಿತ್ಸೆಯ ಪ್ರಾಚೀನತೆ : ಒಂದು ಆಧಾರವಿಮರ್ಶೆ

೧

ವೈದ್ಯಕ್ಕೆ ಸೇರಿದ ವಿಷಯವೊಂದನ್ನು ಇತಿಹಾಸದ ಅಧ್ಯಾಪಕರು ವಿಚಾರಕ್ಕೆ ತೆಗೆದುಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಯಾವ ರೋಗಕ್ಕೆ ಯಾವ ಮದ್ದೆಂಬುದನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಅದನ್ನು ನಾವು ಬಯಸುವುದೂ ಇಲ್ಲ. ಆದರೆ ಒಂದು ಚಿಕಿತ್ಸೆಯನ್ನು ಸಮರ್ಥಿಸುವವರು ಶಾಸ್ತ್ರಗ್ರಂಥಗಳನ್ನೂ ಶಿಲ್ಪಗಳನ್ನೂ ಸಹಸ್ರಾರು ವರ್ಷಗಳ ಪರಂಪರೆಯನ್ನೂ ಸಾಕ್ಷಿಗೆ ಕರೆದಾಗ ಅವರು ಇತಿಹಾಸದ ಅಂಗಳಕ್ಕೆ ಕಾಲಿಟ್ಟಂತಾಯಿತು. ಅಲ್ಲಿ ಸಾಕ್ಷ್ಯವನ್ನು ಪರೀಕ್ಷಿಸುವುದು ನಮ್ಮ ಕರ್ತವ್ಯವೇ ಆಗಿದೆ.

ಪ್ರಕೃತ ಲೇಖನಕ್ಕೆ ವಿಷಯವಾಗಿರುವುದು ಕಾಲಿನ ರಕ್ತಸಂಚಾರಕ್ಕೂ ಪಾದಗಳ ಆರೋಗ್ಯಕ್ಕೂ ಒದಗುತ್ತವೆಂದು ಹೇಳಲಾಗುವ ಪೂರಕ ಚಿಕಿತ್ಸೆಗಳನ್ನು ಕುರಿತ ಜನಪ್ರಿಯ ಬರಹ. ಇದನ್ನು ಆರಿಸಿಕೊಳ್ಳಲು ಕಾರಣ ನಮ್ಮ ಸುತ್ತಲಿನ ಸೀಮೆಯೇ. ೧೯೮೬ರಲ್ಲಿ ಏರ್ಪಟ್ಟ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, ೨೦೦೭ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದುವು. ೨೦೨೫ರ ಜುಲೈ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟವು ಇದಕ್ಕೆ ಬೆಂಗಳೂರು ಉತ್ತರ ಎಂಬ ಹೆಸರನ್ನಿಡಲು ತೀರ್ಮಾನಿಸಿತು. ಹೆಸರು ಏನೇ ಆಗಲಿ, ಇಲ್ಲಿಯ ಜನರಲ್ಲಿ ಬಹುಮಂದಿ ಕಾಲಿನ ಮೇಲೆ ನಿಂತು ಅನ್ನ ಸಂಪಾದಿಸುವವರು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆ ನಿಂತೇ ದಿನ ಕಳೆಯುವ ನೇಕಾರರು, ದೇವನಹಳ್ಳಿಯ ದ್ರಾಕ್ಷಿತೋಟಗಳಲ್ಲಿ ದುಡಿಯುವವರು, ವಿಜಯಪುರದ ಕಡೆಯ ರೇಷ್ಮೆ ಬೆಳೆಗಾರರು, ನೆಲಮಂಗಲದ ಉಗ್ರಾಣಗಳಲ್ಲಿಯೂ ಹೊಸಕೋಟೆಯ ಕಾರ್ಖಾನೆಗಳಲ್ಲಿಯೂ ಪಾಳಿ ಮಾಡುವವರು—ಇವರೆಲ್ಲರ ಕಾಲುಗಳೂ ಸಂಜೆಯ ಹೊತ್ತಿಗೆ ಊದಿಕೊಳ್ಳುವುದು, ಹಿಮ್ಮಡಿ ಒಡೆಯುವುದು, ಮೀನಖಂಡದಲ್ಲಿ ನೀಲಿ ನರಗಳು ಉಬ್ಬುವುದು ಅಪರೂಪವಲ್ಲ.

ಇದೇ ಸೀಮೆಯಲ್ಲಿ ಪ್ರಕೃತಿಚಿಕಿತ್ಸೆಯ ಮತ್ತು ಸಮನ್ವಯ ಚಿಕಿತ್ಸೆಯ ದೊಡ್ಡ ಕೇಂದ್ರಗಳೂ ಬೆಳೆದಿವೆ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಸೌಖ್ಯ, ನೆಲಮಂಗಲದ ಮಹದೇವಪುರದಲ್ಲಿ ೨೦೨೨ರಲ್ಲಿ ಉದ್ಘಾಟನೆಯಾದ ಧರ್ಮಸ್ಥಳದ ಸಂಸ್ಥೆಗಳ ಕ್ಷೇಮವನ ಇವು ಎಲ್ಲರೂ ಬಲ್ಲವು. ನಮ್ಮ ವಿಮರ್ಶೆ ಇಂತಹ ಯಾವ ಸಂಸ್ಥೆಯನ್ನೂ ಕುರಿತದ್ದಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡುತ್ತೇವೆ. ಬಸ್ ನಿಲ್ದಾಣದ ಭಿತ್ತಿಪತ್ರದಲ್ಲಿ, ಜಾತ್ರೆಯ ಮಳಿಗೆಯಲ್ಲಿ, ಅಗ್ಗದ ಆರೋಗ್ಯ ಪುಸ್ತಿಕೆಯಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾದಸರಣಿಯನ್ನು ಮಾತ್ರ ನಾವು ವಿಚಾರಿಸುತ್ತೇವೆ. ಅಂಗಾಲಿನ ಬಿಂದುಗಳನ್ನು ಒತ್ತುವುದಿರಲಿ, ಕಂಚಿನ ಬಟ್ಟಲಿನಿಂದ ತಿಕ್ಕುವುದಿರಲಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲನ್ನು ಅದ್ದುವುದಿರಲಿ, ಅದಕ್ಕೆ ಕೊಡುವ ಸಮರ್ಥನೆ ಮೂರು ಮಾತುಗಳಲ್ಲಿ ಮುಗಿಯುತ್ತದೆ: ಇದು ಪ್ರಾಚೀನವಾದುದು, ಇದು ರಕ್ತಸಂಚಾರವನ್ನು ಹೆಚ್ಚಿಸುತ್ತದೆ, ಇದರಿಂದ ಹಾನಿಯಂತೂ ಇಲ್ಲ. ಈ ಮೂರನ್ನೂ ಕ್ರಮವಾಗಿ ಪರೀಕ್ಷಿಸೋಣ.

೨

ಮೊದಲನೆಯದು ಪ್ರಾಚೀನತೆ. ಇಂದು ಒಂದೇ ಕೊಠಡಿಯಲ್ಲಿ, ಒಂದೇ ಬೆಲೆಪಟ್ಟಿಯಲ್ಲಿ ದೊರೆಯುವ ಪಾದಚಿಕಿತ್ಸೆಗಳಿಗೆ ಒಂದೇ ವಂಶಾವಳಿ ಇಲ್ಲ. ಕನಿಷ್ಠಪಕ್ಷ ಮೂರು ಬೇರೆ ಬೇರೆ ಧಾರೆಗಳು ಅಲ್ಲಿ ಕೂಡಿಕೊಂಡಿವೆ.

ಅಂಗಾಲಿನ ಒಂದೊಂದು ಸ್ಥಾನಕ್ಕೆ ಒಂದೊಂದು ಅವಯವವನ್ನು ಹೊಂದಿಸಿ ಒತ್ತುವ ರಿಫ್ಲೆಕ್ಸಾಲಜಿ ಎಂಬ ಪದ್ಧತಿ ಇವುಗಳಲ್ಲಿ ಒಂದು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿದ್ದ ಕಿವಿ–ಮೂಗು–ಗಂಟಲಿನ ವೈದ್ಯ ವಿಲಿಯಂ ಫಿಟ್ಜೆರಾಲ್ಡ್ ಎಂಬಾತನು ದೇಹವನ್ನು ಉದ್ದುದ್ದವಾದ ಹತ್ತು ವಲಯಗಳಾಗಿ ವಿಭಾಗಿಸಿ, ೧೯೧೭ರಲ್ಲಿ ಎಡ್ವಿನ್ ಬೋವರ್ಸ್ ಎಂಬಾತನೊಡನೆ ‘ಜೋನ್ ಥೆರಪಿ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಯೂನಿಸ್ ಇಂಗಮ್ ಎಂಬ ಮಹಿಳೆ ಆ ವಲಯಗಳನ್ನು ಅಂಗಾಲಿನ ಮೇಲೆ ಭೂಪಟದಂತೆ ಬರೆದು ೧೯೩೮ರಲ್ಲಿ ತನ್ನ ಪುಸ್ತಕವನ್ನು ಹೊರತಂದಳು. ಈಗ ಗೋಡೆಗಳ ಮೇಲೆ ತೂಗುವ ಬಣ್ಣಬಣ್ಣದ ಪಾದಪಟಗಳ ಮಾತೃಕೆ ಅದು. ಇದಕ್ಕೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಈಜಿಪ್ಟಿನ ಆಧಾರವನ್ನು ತೋರಿಸುವುದುಂಟು. ಸಕ್ಕಾರದಲ್ಲಿರುವ, ಆರನೆಯ ರಾಜವಂಶದ ಕಾಲದ ಅಂಖ್‌ಮಹೋರನ ಸಮಾಧಿಯಲ್ಲಿ ಕೈಕಾಲುಗಳನ್ನು ಹಿಡಿದು ಉಪಚರಿಸುತ್ತಿರುವವರ ಉಬ್ಬುಚಿತ್ರವಿರುವುದು ನಿಜ. ಆದರೆ ಆ ಉಪಚಾರ ಏನೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಉಗುರುಗಳನ್ನು ತಿದ್ದಿ ಅಂದಗೊಳಿಸುವ ದೃಶ್ಯವೆಂದು ಓದುವವರೂ ಇದ್ದಾರೆ. ಪಾದವನ್ನು ಯಾರೋ ಹಿಡಿದಿದ್ದಾರೆಂಬ ಮಾತ್ರಕ್ಕೆ ಅಲ್ಲಿ ಅವಯವಗಳ ನಕ್ಷೆಯೂ ಇತ್ತೆಂದು ಊಹಿಸುವುದು ಸಾಕ್ಷ್ಯವನ್ನು ಮೀರಿ ನಡೆದಂತೆ.

ಮತ್ತೊಂದು ಧಾರೆ ಜರ್ಮನ್ ದೇಶದ್ದು. ತಣ್ಣೀರಿನಲ್ಲಿ ಕಾಲಾಡಿಸುವುದು, ಬಿಸಿ ಮತ್ತು ತಣ್ಣೀರುಗಳಲ್ಲಿ ಸರದಿಯಂತೆ ಪಾದಸ್ನಾನ ಮಾಡುವುದು, ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯುವುದು—ಇವನ್ನು ಪ್ರಸಿದ್ಧಿಗೆ ತಂದವನು ಬವೇರಿಯದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್. ಆತನ ಜಲಚಿಕಿತ್ಸೆಯ ಗ್ರಂಥ ೧೮೮೬ರಲ್ಲಿ ಪ್ರಕಟವಾಯಿತು. ಅದೇ ದೇಶದ ಲೂಯಿ ಕೂನೆ ಮತ್ತು ಅಡಾಲ್ಫ್ ಜಸ್ಟ್ ಎಂಬವರ ಬರಹಗಳು ಗಾಂಧೀಜಿಯವರ ಮೇಲೆ ಬಹಳ ಪ್ರಭಾವವನ್ನು ಬೀರಿದುವು. ೧೯೨೭ರಲ್ಲಿ ರಕ್ತದೊತ್ತಡದಿಂದ ಬಳಲಿ ದೇವನಹಳ್ಳಿಯ ನೆರೆಯ ನಂದಿಬೆಟ್ಟದಲ್ಲಿ ವಿಶ್ರಮಿಸಿಕೊಂಡ ಮಹಾತ್ಮರು, ೧೯೪೬ರಲ್ಲಿ ಪುಣೆಯ ಸಮೀಪದ ಉರುಳಿಕಾಂಚನದಲ್ಲಿ ಪ್ರಕೃತಿಚಿಕಿತ್ಸೆಯ ಆಶ್ರಮವನ್ನು ಆರಂಭಿಸಿದರು. ನಮ್ಮ ನಾಡಿನ ಪ್ರಕೃತಿಚಿಕಿತ್ಸೆಯ ಗೌರವಕ್ಕೆ ಅವರ ನಿಷ್ಠೆ ಬಹುಮಟ್ಟಿಗೆ ಕಾರಣ. ಈ ಧಾರೆ ನಮ್ಮದಾದುದು ಹೀಗೆ. ವೇದಕಾಲದಿಂದ ಇಳಿದುಬಂದು ಅಲ್ಲ.

ಇನ್ನುಳಿದ ಧಾರೆ ಮಾತ್ರವೇ ನಿಜವಾಗಿ ಈ ದೇಶದ ಪ್ರಾಚೀನ ಸಂಪತ್ತು. ಅದು ಪಾದಾಭ್ಯಂಗ, ಅಂದರೆ ಪಾದಗಳಿಗೆ ಎಣ್ಣೆ ಹಚ್ಚಿ ತಿಕ್ಕುವುದು. ಹೊಸದಾದುದು ಹೊಸದೆಂಬ ಕಾರಣದಿಂದ ಕೀಳಾಗಲಾರದು. ಪರದೇಶದ್ದು ಪರದೇಶದ್ದೆಂಬ ಕಾರಣದಿಂದ ತ್ಯಾಜ್ಯವೂ ಆಗಲಾರದು. ಆದರೆ ನೂರು ವರ್ಷದ ಪದ್ಧತಿಗೆ ಎರಡು ಸಾವಿರ ವರ್ಷದ ಗ್ರಂಥದ ಮುದ್ರೆಯನ್ನೊತ್ತುವುದು ಕೂಟಶಾಸನವನ್ನು ಸೃಷ್ಟಿಸಿದಂತೆಯೇ ಸರಿ.

೩

ಹಾಗಾದರೆ ನಮ್ಮ ಗ್ರಂಥಗಳು ಪಾದಾಭ್ಯಂಗದ ವಿಷಯದಲ್ಲಿ ಹೇಳುವುದೇನು? ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಇದರ ಗುಣಗಳ ವರ್ಣನೆಯಿದೆ. ಪಾದಗಳ ಒರಟುತನ, ಬಿಗಿತ, ಶುಷ್ಕತೆ, ದಣಿವು, ಮರಗಟ್ಟುವಿಕೆ ಶಮನವಾಗುತ್ತವೆ, ಪಾದಗಳು ಮೃದುವೂ ದೃಢವೂ ಆಗುತ್ತವೆ, ಒಡಕು ಬಾರದು, ಸಿರೆ ಮತ್ತು ಸ್ನಾಯುಗಳು ಸಂಕೋಚಗೊಳ್ಳುವುದಿಲ್ಲ, ದೃಷ್ಟಿಯೂ ತಿಳಿಯಾಗುತ್ತದೆ ಎಂಬುದು ಅಲ್ಲಿಯ ಅಭಿಪ್ರಾಯದ ಸಾರಾಂಶ. ವಾಗ್ಭಟನ ಅಷ್ಟಾಂಗಹೃದಯವು ಪ್ರತಿದಿನದ ಅಭ್ಯಂಗವನ್ನು ವಿಧಿಸಿ, ತಲೆ, ಕಿವಿ, ಪಾದಗಳಲ್ಲಿ ವಿಶೇಷವಾಗಿ ಮಾಡತಕ್ಕದ್ದೆಂದು ಹೇಳುತ್ತದೆ.

ಪುಸ್ತಿಕೆಗಳು ಇಲ್ಲಿಯವರೆಗೆ ಮಾತ್ರ ಉದ್ಧರಿಸುತ್ತವೆ. ಆದರೆ ಆಧಾರವಿಮರ್ಶೆಯಲ್ಲಿ ಒಂದು ವಾಕ್ಯದಷ್ಟೇ ಮುಖ್ಯವಾದುದು ಅದು ನಿಂತಿರುವ ಸ್ಥಾನ. ಚರಕನ ಆ ಅಧ್ಯಾಯ ಸ್ವಸ್ಥವೃತ್ತಕ್ಕೆ ಸೇರಿದುದು. ವಾಗ್ಭಟನ ಮಾತು ಬರುವುದು ದಿನಚರ್ಯೆಯ ಅಧ್ಯಾಯದಲ್ಲಿ. ಆರೋಗ್ಯವಂತನು ಆರೋಗ್ಯವನ್ನು ಉಳಿಸಿಕೊಳ್ಳಲು ದಿನವೂ ಹೇಗೆ ನಡೆದುಕೊಳ್ಳಬೇಕೆಂಬುದು ಅಲ್ಲಿಯ ವಿಷಯ. ಹಲ್ಲುಜ್ಜುವುದು, ಸ್ನಾನ, ವ್ಯಾಯಾಮ, ಪಾದರಕ್ಷೆಯನ್ನು ಧರಿಸುವುದು ಇವುಗಳ ಸಾಲಿನಲ್ಲಿ ಪಾದಾಭ್ಯಂಗ ಬರುತ್ತದೆ. ಕಾಲು ಹುಣ್ಣಾದವನಿಗೆ, ಕಾಲು ಊದಿಕೊಂಡವನಿಗೆ ಬೇಕಾದ ಚಿಕಿತ್ಸೆಯನ್ನು ಅದೇ ಗ್ರಂಥಗಳು ಚಿಕಿತ್ಸಾಸ್ಥಾನಗಳಲ್ಲಿ ಬೇರೆಯಾಗಿ ವಿವರಿಸುತ್ತವೆ. ಅಷ್ಟೇ ಅಲ್ಲ, ವಾಗ್ಭಟನು ಅಭ್ಯಂಗವನ್ನು ವಿಧಿಸಿದ ಬೆನ್ನಿಗೇ ಅದನ್ನು ಯಾರಿಗೆ ಮಾಡಕೂಡದೆಂಬುದನ್ನೂ ಹೇಳುತ್ತಾನೆ: ಕಫ ಹೆಚ್ಚಿದವರಿಗೆ, ವಮನ ವಿರೇಚನಾದಿ ಶೋಧನೆಗಳನ್ನು ಮಾಡಿಸಿಕೊಂಡವರಿಗೆ, ಅಜೀರ್ಣವುಳ್ಳವರಿಗೆ ಅದು ನಿಷಿದ್ಧ. ವಿಧಿಯನ್ನು ಉದ್ಧರಿಸಿ ನಿಷೇಧವನ್ನು ಬಿಟ್ಟುಬಿಡುವುದು ಶಾಸ್ತ್ರಕ್ಕೆ ತೋರುವ ಗೌರವವೆನ್ನಲಾಗದು.

ಕನ್ನಡನಾಡಿನಲ್ಲಿ ಹುಟ್ಟಿದ ಒಂದು ಮಹಾಗ್ರಂಥದ ಸಾಕ್ಷ್ಯವೂ ಇದಕ್ಕೆ ಪೋಷಕವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ ಶಕ ೧೦೫೧ರಲ್ಲಿ, ಅಂದರೆ ಕ್ರಿ.ಶ. ೧೧೨೯ರಲ್ಲಿ ರಚಿತವಾದುದು. ಐದು ವಿಂಶತಿಗಳಾಗಿ ನೂರು ಅಧ್ಯಾಯಗಳುಳ್ಳ ಈ ಕೃತಿಯ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಇದರಲ್ಲಿ ಪಾದಾಭ್ಯಂಗಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಆದರೆ ಅದು ಬರುವುದೆಲ್ಲಿ? ಅರಮನೆ, ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ಶಯ್ಯೆ ಮೊದಲಾದ ಇಪ್ಪತ್ತು ಉಪಭೋಗಗಳ ನಡುವೆ. ಸೋಮೇಶ್ವರನಿಗೆ ಪಾದಾಭ್ಯಂಗ ರಾಜನ ಸುಖಗಳಲ್ಲೊಂದು. ವೈದ್ಯವನ್ನು ಬಲ್ಲ ಆ ವಿದ್ವಾಂಸನು ಅದನ್ನು ರೋಗಹರವೆಂದು ಮೆರೆಸದೆ ಭೋಗವೆಂದೇ ಕರೆದುದು ಪ್ರಾಮಾಣಿಕವಾದ ವರ್ಗೀಕರಣ.

ಇಲ್ಲಿ ಇನ್ನೊಂದು ಪ್ರಶ್ನೆಯನ್ನೂ ಎತ್ತಬೇಕಾಗಿದೆ. ಆ ಎಣ್ಣೆ ಯಾರ ಪಾದಕ್ಕೆ ಬಿದ್ದಿತು? ತಿಕ್ಕಿದ ಕೈ ಯಾರದು? ಅರಮನೆಯ ಪಾದಗಳ ಸುಖವನ್ನು ಗ್ರಂಥ ಹೇಳುತ್ತದೆ. ಆ ಪಾದಗಳ ಬಳಿ ಕುಳಿತವನ ಹಿಮ್ಮಡಿ ಒಡೆದಿತ್ತೇ ಎಂಬುದನ್ನು ಅದು ಹೇಳುವುದಿಲ್ಲ. ಶಾಸನಗಳ ಕಡೆ ತಿರುಗಿದರೂ ಸ್ಥಿತಿ ಇದೇ. ನಮ್ಮ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದರು. ಕನ್ನಡ ಶಾಸನಗಳಲ್ಲಿ ಪಾದವು ಕಾಣಿಸಿಕೊಳ್ಳುವುದು ಹೆಚ್ಚಾಗಿ ದಾನದ ಸಂದರ್ಭದಲ್ಲಿ: ಪ್ರತಿಗ್ರಹಿಯ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ಭೂಮಿಯನ್ನು ಕೊಟ್ಟಾಗ. ಅಲ್ಲಿ ತೊಳೆಯಲ್ಪಡುವುದು ಗುರುವಿನ, ಆಚಾರ್ಯನ ಪಾದ. ನೀರು ಪೂಜೆಗೆ ಸೇರಿದುದು. ದುಡಿಯುವ ಕಾಲಿನ ಇತಿಹಾಸ ನಮ್ಮ ಲಿಖಿತ ಆಧಾರಗಳಲ್ಲಿ ಬಹುಮಟ್ಟಿಗೆ ಮೌನವಾಗಿದೆ. ನಮ್ಮ ಪೂರ್ವಜರೆಲ್ಲರೂ ಪಾದಾಭ್ಯಂಗದಿಂದ ನಿರೋಗಿಗಳಾಗಿದ್ದರೆಂದು ಬರೆಯುವವರು ಒಬ್ಬ ಅರಸನ ಭೋಗವನ್ನು ಒಂದು ಜನಾಂಗದ ಚರಿತ್ರೆಯನ್ನಾಗಿ ಮಾಡುತ್ತಾರೆ.

೪

ಎರಡನೆಯ ಮಾತು ರಕ್ತಸಂಚಾರ. ಈ ಶಬ್ದವನ್ನು ಇಂದಿನ ಅರ್ಥದಲ್ಲಿ ಪ್ರಾಚೀನರ ಬಾಯಿಗೆ ಹಾಕುವುದು ಕಾಲವಿಪರ್ಯಾಸ. ಸುಶ್ರುತಸಂಹಿತೆಯಲ್ಲಿ ರಸಧಾತುವು ಹೃದಯದಿಂದ ಹೊರಟು ಇಪ್ಪತ್ನಾಲ್ಕು ಧಮನಿಗಳನ್ನು ಪ್ರವೇಶಿಸುತ್ತದೆ: ಹತ್ತು ಮೇಲಕ್ಕೆ, ಹತ್ತು ಕೆಳಕ್ಕೆ, ನಾಲ್ಕು ಅಡ್ಡಕ್ಕೆ. ಹೃದಯದಿಂದ ದೇಹಕ್ಕೆ ಪೋಷಣೆ ಹರಿಯುತ್ತದೆಂಬ ಈ ಕಲ್ಪನೆ ಅದ್ಭುತವಾದುದೇ. ಆದರೆ ರಕ್ತವು ಧಮನಿಗಳಲ್ಲಿ ಹೋಗಿ ಸಿರೆಗಳಲ್ಲಿ ಮರಳಿ, ಒಂದೇ ವರ್ತುಲದಲ್ಲಿ ಸುತ್ತುತ್ತದೆಂಬುದನ್ನು ಪ್ರಯೋಗಗಳಿಂದ ಸ್ಥಾಪಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ, ೧೬೨೮ರಲ್ಲಿ. ಧಮನಿಗಳನ್ನೂ ಸಿರೆಗಳನ್ನೂ ಕೂಡಿಸುವ ಸೂಕ್ಷ್ಮನಾಳಗಳನ್ನು ಇಟಲಿಯ ಮಾಲ್ಪೀಗಿ ಕಂಡದ್ದು ೧೬೬೧ರಲ್ಲಿ.

ಕಾಲಿನ ರೋಗಗಳ ವಿಷಯದಲ್ಲಿ ಈ ವಿವೇಚನೆ ಪಂಡಿತರ ಚರ್ಚೆಯಾಗಿ ನಿಲ್ಲುವುದಿಲ್ಲ. ರಕ್ತ ಕೆಳಗೆ ಇಳಿಯಲಾರದೆ ಬರುವ ತೊಂದರೆ ಒಂದು. ಇಳಿದದ್ದು ಮೇಲಕ್ಕೆ ಹತ್ತಲಾರದೆ ಬರುವ ತೊಂದರೆ ಇನ್ನೊಂದು. ಧಮನಿ ಕಿರಿದಾದವನಿಗೆ ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಬಿಡುತ್ತದೆ, ಪಾದ ತಣ್ಣಗಿರುತ್ತದೆ. ಸಿರೆಗಳ ಕವಾಟ ಸಡಿಲಾದವನಿಗೆ ನಿಂತಷ್ಟೂ ಕಾಲು ಊದಿ ಭಾರವಾಗುತ್ತದೆ, ಕಾಲನ್ನು ಎತ್ತಿಟ್ಟರೆ ಹಗುರವಾಗುತ್ತದೆ. ಮಗ್ಗದ ಮುಂದೆ ನಿಲ್ಲುವವರಲ್ಲಿ ನೋಡುವ ಉಬ್ಬುನರ, ಅಂದರೆ ವೆರಿಕೋಸ್ ವೇನ್ಸ್, ಈ ಎರಡನೆಯ ಬಗೆಯದು. ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಸಿರೆಗಳನ್ನು ಒತ್ತಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲುಗದೆ ನಿಂತವನಲ್ಲಿ ಆ ನೆರವು ಇಲ್ಲವಾಗುತ್ತದೆ. ಇಂಥವನಿಗೆ ಬಿಗಿಯಾದ ಪಟ್ಟಿ ಉಪಕಾರಿ. ಧಮನಿ ಮುಚ್ಚಿದವನಿಗೆ ಅದೇ ಪಟ್ಟಿ ಅಪಾಯಕಾರಿ. ಕಾಲಿನ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದವನಿಗೆ ಬಲವಾಗಿ ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಇಷ್ಟು ಬೇರೆ ಬೇರೆಯಾದ ಸ್ಥಿತಿಗಳನ್ನೆಲ್ಲ “ರಕ್ತ ಸರಿಯಾಗಿ ಓಡುತ್ತಿಲ್ಲ” ಎಂಬ ಒಂದೇ ವಾಕ್ಯದಲ್ಲಿ ಕಟ್ಟಿ, ಒಂದೇ ಉಪಚಾರವನ್ನು ಹೇಳುವುದು ಹೇಗೆ ಸರಿಯಾದೀತು?

ನಮ್ಮ ಆಡುಮಾತೂ ಈ ಗೊಂದಲಕ್ಕೆ ಸ್ವಲ್ಪ ಸಹಾಯ ಮಾಡಿದೆ. ಕನ್ನಡದಲ್ಲಿ ‘ನರ’ ಎಂಬ ಒಂದೇ ಶಬ್ದ ರಕ್ತ ಹರಿಯುವ ಸಿರೆಗೂ, ಸ್ಪರ್ಶವನ್ನು ತಿಳಿಸುವ ತಂತುವಿಗೂ, ಕೆಲವೊಮ್ಮೆ ಸ್ನಾಯುವಿನ ಹುರಿಗೂ ನಡೆಯುತ್ತದೆ. ಕೈಯಲ್ಲಿ ನೀಲಿಯಾಗಿ ಕಾಣುವುದೂ ನರ, ‘ನರದೌರ್ಬಲ್ಯ’ದಲ್ಲಿ ಇರುವುದೂ ನರ, ಕುತ್ತಿಗೆಯಲ್ಲಿ ಹಿಡಿದುಕೊಳ್ಳುವುದೂ ನರ. ಹೀಗಾಗಿ ಅಂಗಾಲು ಜೋಮು ಹಿಡಿದಂತಾದರೆ, ‘ನರದಲ್ಲಿ ರಕ್ತ ಓಡುತ್ತಿಲ್ಲ’ವೆಂಬ ವಿವರಣೆ ಹಳ್ಳಿಯವರಿಗೂ ಪಟ್ಟಣದವರಿಗೂ ಸಹಜವಾಗಿ ಒಪ್ಪಿಗೆಯಾಗುತ್ತದೆ. ಒಂದೇ ಭಂಗಿಯಲ್ಲಿ ಕುಳಿತು ಬಂದ ಜೋಮು ಎದ್ದು ನಡೆದರೆ ಹೋಗುತ್ತದೆ. ಮಧುಮೇಹದಿಂದ ಬಂದ ಜೋಮು ಹಾಗಲ್ಲ. ಅಲ್ಲಿ ಕೆಟ್ಟಿರುವುದು ಸ್ಪರ್ಶತಂತು. ಚರಕನು ಪಾದಾಭ್ಯಂಗದಿಂದ ಮರಗಟ್ಟುವಿಕೆ ಶಮನವಾಗುತ್ತದೆಂದು ಹೇಳಿರುವುದನ್ನು ಮೇಲೆ ಕಂಡೆವು. ದಣಿವು ಮತ್ತು ಬಿಗಿತಗಳ ಜೊತೆಯಲ್ಲಿ ಬಂದಿರುವ ಆ ಮಾತನ್ನು ಮಧುಮೇಹಿಯ ಸಂವೇದನಾನಾಶಕ್ಕೆ ಅನ್ವಯಿಸುವುದಕ್ಕೆ ಆ ಸಂದರ್ಭದಲ್ಲಿ ಆಧಾರವಿಲ್ಲ.

೫

ಮೂರನೆಯ ಮಾತು, ಹಾನಿಯಿಲ್ಲವೆಂಬುದು. ಇದನ್ನು ಪರೀಕ್ಷಿಸಲು ಪರಂಪರೆಯಲ್ಲಿಯೇ ಇರುವ ಒಂದು ವಿಧಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹಕ್ಕೆ ಸಂಬಂಧಿಸಿದ ಎರಡು ಅಧ್ಯಾಯಗಳು ಒಂದರ ಹಿಂದೊಂದು ಬರುತ್ತವೆ. ಅವುಗಳಲ್ಲಿ ಎರಡನೆಯದು, ರಸವನ್ನು ಒಯ್ಯುವ ನಾಳಗಳು ದುರ್ಬಲವಾಗುವುದರಿಂದ ದೋಷಗಳು ಮೇಲಕ್ಕೇರಲಾರವು, ಆದುದರಿಂದ ಮಧುಮೇಹಿಗಳಿಗೆ ದೇಹದ ಕೆಳಭಾಗದಲ್ಲಿ ಪಿಡಕಗಳು, ಅಂದರೆ ಕೀವುಗುಳ್ಳೆಗಳು ಏಳುತ್ತವೆ ಎಂಬ ಅಭಿಪ್ರಾಯವನ್ನು ಕೊಡುತ್ತದೆ. ಸಿಹಿಮೂತ್ರಕ್ಕೂ ಕೆಳದೇಹದ ಹುಣ್ಣಿಗೂ ಸಂಬಂಧವನ್ನು ಗುರುತಿಸಿದ ಈ ದೃಷ್ಟಿ ಎಷ್ಟು ತೀಕ್ಷ್ಣವಾದುದೆಂಬುದನ್ನು ಹೇಳಬೇಕಾಗಿಲ್ಲ.

ಆದರೆ ಅದರ ಹಿಂದಿನ ಅಧ್ಯಾಯ ಬಡವನಾದ, ಬಂಧುಗಳಿಲ್ಲದ ಪ್ರಮೇಹಿಗೆ ವಿಧಿಸುವುದೇನು? ಪಾದರಕ್ಷೆಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷಾನ್ನವನ್ನು ಉಣ್ಣುತ್ತ, ಒಂದು ಗ್ರಾಮದಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ನಡೆಯಬೇಕು. ನಡೆಯುವುದೂ ಮಿತಾಹಾರವೂ ಮಧುಮೇಹಕ್ಕೆ ಹಿತವೆಂಬುದನ್ನು ಇಂದಿನ ವೈದ್ಯವೂ ಒಪ್ಪುತ್ತದೆ. ಬರಿಗಾಲನ್ನು ಮಾತ್ರ ಅದು ಒಪ್ಪುವುದಿಲ್ಲ. ಸಂವೇದನೆ ಕಳೆದುಕೊಂಡ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು, ಬಿಸಿನೀರು ಸುಟ್ಟರೂ ತಿಳಿಯದು. ತಿಳಿಯದ ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಗುತ್ತದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ಆ ರೋಗಿಗಳ ಪಾದಗಳು ಸವೆದು ಹೋಗುವುದು ನೋವನ್ನು ಅರಿಯದೆ ಮಾಡಿಕೊಂಡ ಗಾಯಗಳಿಂದ ಎಂಬುದನ್ನು ತೋರಿಸಿದರು. ಮೆತ್ತನೆಯ ರಬ್ಬರಿನ ಚಪ್ಪಲಿ ಅಂತಹ ಪಾದಕ್ಕೆ ಔಷಧಕ್ಕೆ ಸಮನಾದ ರಕ್ಷೆಯೆಂಬ ತಿಳಿವಳಿಕೆ ಅಲ್ಲಿಂದ ಮಧುಮೇಹಿಗಳ ಉಪಚಾರಕ್ಕೂ ಹರಡಿತು. ಮಧುಮೇಹಿಯ ಪಾದವನ್ನು ಕುರಿತ ಅಂತರರಾಷ್ಟ್ರೀಯ ಕಾರ್ಯತಂಡದ ಮಾರ್ಗಸೂಚಿಗಳು, ಅಪಾಯದಲ್ಲಿರುವ ಪಾದವುಳ್ಳವರು ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದೆಂದೂ, ಪ್ರತಿದಿನ ಪಾದವನ್ನು ನೋಡಿಕೊಳ್ಳಬೇಕೆಂದೂ, ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕೆಂದೂ ಹೇಳುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆ, ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬಂಡೆಯನ್ನು ಬರಿಗಾಲಿನಲ್ಲಿ ಹತ್ತುವ ಭಕ್ತರಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ನಡೆದುಹೋಗುವವರಲ್ಲಿ ಇಂತಹವರು ಎಷ್ಟೋ ಮಂದಿ ಇರಲೇಬೇಕು. ಅವರ ಭಕ್ತಿಯನ್ನು ನಾವು ಪ್ರಶ್ನಿಸುವುದಿಲ್ಲ. ‘ಬರಿಗಾಲ ನಡಿಗೆ ರಕ್ತಸಂಚಾರಕ್ಕೆ ಒಳ್ಳೆಯದು, ಶಾಸ್ತ್ರವೂ ಹೇಳಿದೆ’ ಎಂದು ಅವರಿಗೆ ಬರೆದುಕೊಡುವವರನ್ನು ಮಾತ್ರ ಪ್ರಶ್ನಿಸುತ್ತೇವೆ. ಶಾಸ್ತ್ರ ಹೇಳಿರುವುದು ನಿಜವಾದ ಸಂದರ್ಭದಲ್ಲಿಯೂ ಅದು ಇಂದಿನ ರೋಗಿಗೆ ಅಪಾಯವಾಗಬಹುದೆಂಬುದಕ್ಕೆ ಸುಶ್ರುತನ ಈ ವಿಧಿಯೇ ನಿದರ್ಶನ.

೬

ಇಷ್ಟರಿಂದ ಪೂರಕ ಚಿಕಿತ್ಸೆಗಳೆಲ್ಲವೂ ನಿರರ್ಥಕವೆಂದು ವಾಚಕರು ಭಾವಿಸಬಾರದು. ಪರೀಕ್ಷೆಗೆ ಒಡ್ಡಿಕೊಂಡ ಪರಂಪರೆಯ ಒಂದು ಉದಾಹರಣೆ ನಮ್ಮ ಭಾಷೆಯ ನೆರಳಿನಲ್ಲಿಯೇ, ಕಾಸರಗೋಡಿನಲ್ಲಿದೆ. ಆನೆಕಾಲು ರೋಗವನ್ನು ಸುಶ್ರುತನು ಶ್ಲೀಪದವೆಂದು ಕರೆದು, ಹಳೆಯ ನೀರು ನಿಂತಿರುವ, ಎಲ್ಲ ಋತುಗಳಲ್ಲಿಯೂ ತಂಪಾಗಿರುವ ದೇಶಗಳಲ್ಲ್ಲಿ ಅದು ಹುಟ್ಟುತ್ತದೆಂದು ಗುರುತಿಸಿದ್ದನು. ನಿಂತ ನೀರಿಗೂ ರೋಗಕ್ಕೂ ನಡುವಣ ಕೊಂಡಿ ಸೊಳ್ಳೆಯೆಂಬುದು ತಿಳಿದದ್ದು ಬಹಳ ಕಾಲದ ಮೇಲೆ: ೧೮೭೨ರಲ್ಲಿ ಕಲ್ಕತ್ತೆಯಲ್ಲಿ ತಿಮೊಥಿ ಲೂಯಿಸ್ ರೋಗಿಯ ರಕ್ತದಲ್ಲಿ ಸೂಕ್ಷ್ಮಹುಳುಗಳನ್ನು ಕಂಡನು, ೧೮೭೭ರಲ್ಲಿ ಚೀನದ ಅಮೊಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಆ ಹುಳುಗಳು ಸೊಳ್ಳೆಯಲ್ಲಿ ಬೆಳೆಯುವುದನ್ನು ತೋರಿಸಿದನು. ಪ್ರಾಚೀನರ ಅವಲೋಕನ ಸರಿಯಾಗಿದ್ದು ಕಾರಣ ಅಪೂರ್ಣವಾಗಿದ್ದುದಕ್ಕೆ ಇದು ಉತ್ತಮ ದೃಷ್ಟಾಂತ.

ಕಾಸರಗೋಡಿನ ಅನ್ವಯಿಕ ಚರ್ಮರೋಗವಿಜ್ಞಾನ ಸಂಸ್ಥೆಯಲ್ಲಿ ಡಾ. ಎಸ್. ಆರ್. ನರಹರಿ ಮತ್ತು ಅವರ ಸಹೋದ್ಯೋಗಿಗಳು ಊದಿದ ಕಾಲನ್ನು ತೊಳೆದು ಒಣಗಿಸುವುದು, ಗಿಡಮೂಲಿಕೆಯ ಫಾಂಟದಲ್ಲಿ ನೆನೆಸುವುದು, ಎಣ್ಣೆಯಿಂದ ಮೃದುವಾಗಿ ನೀವುವುದು, ಯೋಗ ಮತ್ತು ಉಸಿರಾಟದ ಅಭ್ಯಾಸ, ಕೊನೆಗೆ ಪಟ್ಟಿಗಳಿಂದ ಬಿಗಿಯುವುದು—ಇವುಗಳನ್ನು ಆಧುನಿಕ ಔಷಧಗಳೊಡನೆ ಒಂದು ಕ್ರಮವಾಗಿ ಹೊಂದಿಸಿದರು. ಬೆರಳ ಸಂದಿನ ಬಿರುಕುಗಳ ಮೂಲಕ ರೋಗಾಣುಗಳು ಒಳಹೊಗುವುದನ್ನು ತಡೆಯುವುದಕ್ಕೆ ಅಲ್ಲಿ ವಿಶೇಷ ಗಮನವಿದೆ. ಈ ಕ್ರಮವನ್ನು ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೂ ಕೇರಳದ ಆಲಪ್ಪುಳ ಜಿಲ್ಲೆಯಲ್ಲಿಯೂ ಸಮುದಾಯದ ಮಟ್ಟದಲ್ಲಿ ನಡೆಸಿ, ಕಾಲಿನ ಸುತ್ತಳತೆಯನ್ನು ಅಳೆದು, ಫಲಿತಾಂಶವನ್ನು ೨೦೧೩ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದರಲ್ಲಿ ಹೋಲಿಕೆಗೆ ಚಿಕಿತ್ಸೆಯಿಲ್ಲದ ಇನ್ನೊಂದು ಗುಂಪನ್ನು ಆಯ್ದು ಇಟ್ಟಿರಲಿಲ್ಲ. ಆದುದರಿಂದ ಗುಣವಾದುದರಲ್ಲಿ ಎಣ್ಣೆಯ ಪಾಲೆಷ್ಟು, ಪಟ್ಟಿಯ ಪಾಲೆಷ್ಟು, ಶುಚಿತ್ವದ ಪಾಲೆಷ್ಟೆಂದು ಹೇಳುವುದು ಕಷ್ಟ. ಆದರೂ ರೋಗ ಯಾವುದೆಂದು ಮೊದಲು ನಿರ್ಣಯಿಸಿ, ಅಳತೆಯನ್ನು ಬರೆದಿಟ್ಟು, ಇತರರ ಟೀಕೆಗೆ ತೆರೆದಿಟ್ಟಿರುವುದು ಅದರ ಹಿರಿಮೆ.

ಇದಕ್ಕೆ ಪ್ರತಿಯಾಗಿ ಅಂಗಾಲಿನ ಬಿಂದುಚಿಕಿತ್ಸೆಯ ಸ್ಥಿತಿ ಬೇರೆ. ೨೦೦೯ರಲ್ಲಿ ಎಡ್ಜಾರ್ಡ್ ಅರ್ನ್‌ಸ್ಟ್ ಅವರು ಆ ಬಗೆಗಿನ ೧೮ ನಿಯಂತ್ರಿತ ಪ್ರಯೋಗಗಳನ್ನು ಕೂಡಿಸಿ ನೋಡಿ, ಅದು ಯಾವುದಾದರೂ ರೋಗಕ್ಕೆ ಪರಿಣಾಮಕಾರಿ ಚಿಕಿತ್ಸೆಯೆಂಬುದಕ್ಕೆ ನಂಬತಕ್ಕ ಪುರಾವೆಯಿಲ್ಲವೆಂದು ತೀರ್ಮಾನಿಸಿದರು. ಕಾಲನ್ನು ಅದ್ದಿದ ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿ, ಕಂದುಬಣ್ಣಕ್ಕೆ ತಿರುಗಿದ ನೀರನ್ನು ‘ದೇಹದ ವಿಷ’ವೆಂದು ತೋರಿಸುವ ಯಂತ್ರಗಳ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯೇ ಇಲ್ಲ, ಲೋಹದ ತುದಿಗಳು ತುಕ್ಕು ಹಿಡಿದು ಬರುವ ಬಣ್ಣ ಅದು. ಕಾಲಿಲ್ಲದಿದ್ದರೂ ನೀರು ಕಂದಾಗುತ್ತದೆ.

ಹಾಗೆಂದು ದಿನದ ದುಡಿಮೆ ಮುಗಿದ ಮೇಲೆ ಬಿರಿದ ಹಿಮ್ಮಡಿಗೆ ಹರಳೆಣ್ಣೆ ಹಚ್ಚಿಕೊಳ್ಳುವುದನ್ನೂ, ಹಿರಿಯರ ಕಾಲನ್ನು ಮನೆಯವರು ಮೆಲ್ಲಗೆ ಒತ್ತುವುದನ್ನೂ ಯಾರೂ ಅಲ್ಲಗಳೆಯಬೇಕಾಗಿಲ್ಲ. ಚರ್ಮ ಮೆತ್ತಗಾಗುತ್ತದೆ, ದಣಿವು ಇಳಿಯುತ್ತದೆ, ನಿದ್ದೆ ಬರುತ್ತದೆ. ಸೋಮೇಶ್ವರನು ಹೇಳಿದ ಉಪಭೋಗ ಅರಸನಿಗೆ ಮಾತ್ರ ಮೀಸಲಾಗಬೇಕಿಲ್ಲ. ಅದರಲ್ಲಿ ಇನ್ನೂ ಒಂದು ಲಾಭವುಂಟು: ಎಣ್ಣೆ ಹಚ್ಚುವ ಕೈ ಪಾದವನ್ನು ದಿನಕ್ಕೊಮ್ಮೆ ಮುಟ್ಟಿ ನೋಡುತ್ತದೆ. ರೋಗಿಯೇ ಅರಿಯದ ಗಾಯವನ್ನು ಆ ಕೈ, ಆ ಕಣ್ಣು ಮೊದಲು ಕಾಣಬಲ್ಲದು. ಕಂಡಾಗ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಆಸ್ಪತ್ರೆಗೆ ಹೊರಡುವ ವಿವೇಕ ಜೊತೆಗಿರಬೇಕು.

೭

ಪರಂಪರೆಯನ್ನು ಹೀಗೆ ಪ್ರಶ್ನಿಸುವುದು ಪರಂಪರೆಗೆ ದ್ರೋಹವೆಂಬ ಆಕ್ಷೇಪ ಬರಬಹುದು. ಕನ್ನಡದ ವೈದ್ಯಸಾಹಿತ್ಯವೇ ಅದಕ್ಕೆ ಉತ್ತರ ಕೊಟ್ಟಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ಬರೆದು, ನೃಪತುಂಗನ ಆಸ್ಥಾನದಲ್ಲಿ ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ವಾದಿಸಿದನು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದನ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಈ ಜೈನ ವೈದ್ಯರು ಆಯುರ್ವೇದವನ್ನು ಗೌರವಿಸಿದರು. ಆದರೆ ಅದರೊಳಗಿದ್ದ ಮದ್ಯ, ಮಾಂಸ, ಮಧುಗಳನ್ನು ತಮ್ಮ ಧರ್ಮದ ದೃಷ್ಟಿಯಿಂದ ಕಳೆದು, ಬೇರೆ ದ್ರವ್ಯಗಳನ್ನು ಹೂಡಿದರು. ಶಾಸ್ತ್ರವನ್ನು ಸ್ವೀಕರಿಸುವುದೆಂದರೆ ಅದನ್ನು ಶೋಧಿಸಿ ಸ್ವೀಕರಿಸುವುದೆಂಬುದು ಅವರ ನಡತೆಯಿಂದ ಸಿದ್ಧವಾಗುತ್ತದೆ. ಅವರಿಗೆ ಧರ್ಮ ಒರೆಗಲ್ಲಾಯಿತು. ನಮಗೆ ಪ್ರಯೋಗವೂ ರೋಗಿಯ ಹಿತವೂ ಒರೆಗಲ್ಲಾಗಬೇಕು.

ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದಲ್ಲ. ಒಂದು ತಾಮ್ರಪಟವನ್ನು ಕಂಡಾಗ ಲಿಪಿ ಯಾವ ಕಾಲದ್ದು, ಕೊಟ್ಟವರು ಯಾರು, ಪಡೆದವರು ಯಾರು, ಎಲ್ಲೆಗಳೇನು ಎಂದು ನಾವು ಕೇಳುತ್ತೇವೆ. ಪಾದಚಿಕಿತ್ಸೆಯ ಭಿತ್ತಿಪತ್ರವನ್ನು ಕಂಡಾಗಲೂ ಅದೇ ಪ್ರಶ್ನೆಗಳನ್ನು ಕೇಳಬೇಕು: ಉದ್ಧರಿಸಿದ ಮಾತು ಯಾವ ಗ್ರಂಥದ್ದು, ಯಾವ ಸ್ಥಾನದ್ದು, ಸ್ವಸ್ಥನಿಗೆ ಹೇಳಿದ್ದೋ ರೋಗಿಗೆ ಹೇಳಿದ್ದೋ, ಯಾರ ಪಾದಕ್ಕೆ, ಯಾವ ನಿಷೇಧದೊಡನೆ? ನಮ್ಮ ಕಾಲೇಜುಗಳಿಗೆ ಬರುವ ಎಷ್ಟೋ ವಿದ್ಯಾರ್ಥಿಗಳ ತಂದೆತಾಯಿಗಳು ಮಗ್ಗದ ಮುಂದೆ, ತೋಟದ ಸಾಲುಗಳ ನಡುವೆ ನಿಂತು ಅವರನ್ನು ಓದಿಸುತ್ತಿದ್ದಾರೆ. ಆ ಮನೆಗಳಲ್ಲಿ ಮಧುಮೇಹಿಯ ಅಂಗಾಲಿನ ಹುಣ್ಣು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆದು, ಕೊನೆಗೆ ಕಾಲನ್ನೇ ಕಳೆದುಕೊಳ್ಳುವಂತಾಗದಿರಲು, ಭಿತ್ತಿಪತ್ರವನ್ನು ಓದಿ ಪ್ರಶ್ನಿಸಬಲ್ಲವರು ಒಬ್ಬರಾದರೂ ಇರಬೇಕು. ಇತಿಹಾಸದ ತರಗತಿಯಲ್ಲಿ ಕಲಿಸುವ ಆಧಾರವಿಮರ್ಶೆಗೆ ಇದಕ್ಕಿಂತ ಸಮೀಪದ ಉಪಯೋಗ ನಮಗೆ ತೋರುವುದಿಲ್ಲ.